ಹಿಂದೆ ಬಿದ್ದ ಮೀನು

ಎಲ್ಲಕ್ಕೂ ಮೂಲ ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲಾ. ದೊಡ್ಡ ಮೀನು ಹಿಂಡಿನಲ್ಲಿ ನೆಟ್ಟಗೆ ಈಜುವವನ್ನು ಬಿಟ್ಟು, ಓಲಾಡುತ್ತ ಹೋಗುವ ಮರಿಯನ್ನೇ ಹಿಡಿಯುತ್ತದೆಂದು ಕಂಡುಕೊಂಡ ಆತ, 1936ರಲ್ಲಿ ಜೋಡು ಹೊಲಿಯುವವರ ಚಾಕುವಿನಿಂದ ಬೆಂಡು ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಬಳಿದು ಓಲಾಡುವ ಮೀನನ್ನೇ ಮಾಡಿಬಿಟ್ಟ. ಓದಿದ್ದೇ ತಡ, ಇದು ನನಗೆಂದೇ ಹುಟ್ಟಿದ ಕಸುಬು ಅನ್ನಿಸಿತು. ನಾನು ಮಾಡಿದ ಯಾವ ವಸ್ತು ತಾನೇ ಇದುವರೆಗೆ ಓಲಾಡದೆ ನಿಂತಿದೆ? ಅಂಗಡಿಯ ಲೂರಿಗೆ, ಅಂದರೆ ಇಂಥ ಹುಸಿಮೀನಿಗೆ, ದುಡ್ಡು ಸುರಿಯುವುದೇಕೆ?

ಚಾಕೊಲೇಟ್ ತಿನ್ನುವ ಹಂತ ಅದ್ಭುತವಾಗಿ ನೆರವೇರಿತು. ಬೇಗಡೆ ಸಾಲದೆ ಬಂದರೆ ಎಂದು ಇನ್ನೊಂದನ್ನೂ ತಿಂದೆ.

ಆಮೇಲೆ ಹಾಲೆಮರದ ತುಂಡು. ಎಡಗಡೆ ದಪ್ಪ ಎಂದು ಎಡ ಕೆತ್ತಿದೆ. ಈಗ ಬಲ ದಪ್ಪ. ಮೇಜಿನ ಕಾಲು ಸಮ ಮಾಡಹೋಗಿ ಮಣೆ ಮಾಡಿಟ್ಟವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಬಂಗುಡೆ ಗಾತ್ರದಲ್ಲಿ ಶುರುವಾದದ್ದು ಬೂತಾಯಿಗೆ ಇಳಿದು, ಕೊಲ್ಲತರುವಿನಲ್ಲಿ ನಿಂತಿತು. ನಿಂತದ್ದಾದರೂ ಮರ ಮುಗಿದು ಹೆಬ್ಬೆರಳು ಶುರುವಾದದ್ದರಿಂದ.

ಬೇಗಡೆ ಸುತ್ತಿ, ವಾರ್ನಿಷ್ ಬಳಿದು, ಪೇಪರಿನ ಮೇಲೆ ಒಣಗಲಿಟ್ಟೆ. ಬೆಳಿಗ್ಗೆ ಎತ್ತಿದರೆ ಪೇಪರೂ ಜೊತೆಗೇ ಎದ್ದು ಬಂತು. ಬಂದಷ್ಟು ಕಿತ್ತು ನೋಡುತ್ತೇನೆ, ಮೀನಿನ ಹೊಟ್ಟೆಯ ಮೇಲೆ ಶ್ರದ್ಧಾಂಜಲಿ ಪುಟದ ಹಿರಿಯರೊಬ್ಬರು ನಗುತ್ತಿದ್ದಾರೆ! ಅವರ ಕ್ಷಮೆ ಕೇಳಿ ಹೆಂಡತಿಯ ನೇಲ್ ಪಾಲಿಶ್ ಬಳಿದೆ. ಆಮೇಲೆ ಅವಳ ಕ್ಷಮೆಯನ್ನೂ ಕೇಳಬೇಕಾಯಿತು.

ಬಕೆಟ್ಟಿಗೆ ಬಿಟ್ಟರೆ ಹೊಟ್ಟೆ ಮೇಲೆ ಮಾಡಿ ತೇಲಿತು. "ಸತ್ತು ಎಷ್ಟು ದಿನ ಆಯ್ತು?" ಎಂದಳು. ಹೊಟ್ಟೆಯಲ್ಲಿ ಸೀಸವಿಲ್ಲದಿದ್ದರೆ ಮಗುಚುತ್ತದಂತೆ. ತೂತು ಕೊರೆದು ಧಾರಾಳವಾಗಿ ತುಂಬಿದೆ. ಈ ಸಲ ತಳಕ್ಕೆ ಹೋಗಿ ಕೂತಿತು. ಅರ್ಧ ಸೀಸ ಕೆದಕಿ ತೆಗೆದು, ಮೂತಿಗೆ ಸಿ.ಡಿ. ಕತ್ತರಿಸಿ ತುಟಿ ಅಂಟಿಸಿದೆ. ಎಳೆದಾಗ ನೀರು ಆ ತುಟಿಗೆ ಬಡಿದರೇ ಮೀನು ಮುಳುಗಿ ಓಲಾಡುವುದು. ಕತ್ತರಿಸಿದ್ದು ಯಾವ ಸಿ.ಡಿ. ಎಂದು ಇಲ್ಲಿ ಬರೆಯುವುದಿಲ್ಲ, ನಿಮಗೂ ಮದುವೆಯಾಗಿರಬಹುದು.

ಅಂತೂ ಸ್ವರ್ಣಾ ನದಿಯ ದಡ. ಮೂರು ಕೊಕ್ಕೆಯ ಗಾಳ ಸಿಕ್ಕಿಸಿ ರಾಡನ್ನು ಹಿಂದಕ್ಕೆ ಬೀಸಿದೆ. ಮುಂದಕ್ಕೆ ಬರಲೊಲ್ಲದು. ಏನು ಎಳೆತ! ನೀರು ಮುಟ್ಟುವ ಮೊದಲೇ ಕೆಂಬೇರಿ ಮೀನು ಬಿತ್ತೇ ಎಂದು ರೀಲು ಸುತ್ತಿದೆ. ಸುತ್ತಿದಷ್ಟೂ ನನ್ನ ಪ್ಯಾಂಟೇ ಮೇಲೆ ಬಂತು. ಗಾಳಕ್ಕೆ ಅಡ್ಡಮುಳ್ಳು ಇರುವುದೇ ಸಿಕ್ಕಿದ್ದನ್ನು ಬಿಡದಿರಲೆಂದು. ಇಡೀ ಲೂರಿನಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ, ಅದೂ ಅಂಗಡಿಯಿಂದ ತಂದದ್ದು. ಪ್ಯಾಂಟು ಬಿಚ್ಚಿದರೆ ಬಿಡಿಸಬಹುದಿತ್ತು, ಆದರೆ ಸೇತುವೆ ತುಂಬ ಜನ.

ದಾರ ಕತ್ತರಿಸಿ ಬಸ್ ಹತ್ತಿದೆ. "ಸೀಟು ಉಂಟಲ್ಲ, ಕೂತ್ಕೊಳ್ಳಿ ಮಾರಾಯ್ರೆ" ಎಂದರು ಕಂಡಕ್ಟರ್. ಎಲ್ಲಿ ಕೂರುವುದು? ಕೊನೆಯ ಸ್ಟಾಪಿನವರೆಗೂ ನಿಂತೇ ಬಂದೆ. ಬರಿಗೈಯಲ್ಲಿ ಮನೆಗೆ ಹೋಗಲು ಮುಖವಿಲ್ಲದೆ ಮಾರ್ಕೆಟ್ಟಿಗೆ ನುಗ್ಗಿ, ಬಂಗುಡೆ ಕಟ್ಟಿಸಿಕೊಂಡು ತಿರುಗಿದ್ದೆನಷ್ಟೆ, ಮೀನಿನ ಅಕ್ಕ ಕರೆದರು: "ಅಣ್ಣಾ, ಹಿಂದೆ ನೇತಾಡ್ತಾ ಉಂಟಲ್ಲ, ಅದು ಯಾವ ಮೀನು?"

"ಕೊಲ್ಲತರು" ಎಂದೆ.

ಅವರು ಬಗ್ಗಿ ಇನ್ನೊಮ್ಮೆ ನೋಡಿದರು. ಏನೂ ಹೇಳದೆ ನನ್ನ ಚೀಲಕ್ಕೆ ಇನ್ನೆರಡು ಬಂಗುಡೆ ಹಾಕಿದರು.