ಎಕ್ಕಿ ಗಿಡ: ಚಾಲನೆ ಮತ್ತು ನಿರ್ವಹಣೆಯ ಕೈಪಿಡಿ

(ಗೋಕಾಕ ಫಾಲ್ಸಿನ ಮೇಲಿನ ಮರಡಿಯಲ್ಲಿ ಬೆಳೆದ ಮಾದರಿಗೆ ಮಾತ್ರ ಅನ್ವಯ. ಪಂಪ್‌ಸೆಟ್ಟಿನ ಪುಸ್ತಕ ಬಿಚ್ಚದೆ ಮೋಟಾರು ಸುಟ್ಟುಕೊಂಡವರು ಇದನ್ನಾದರೂ ಪೂರ್ತಿ ಓದತಕ್ಕದ್ದು.)

ಅಳವಡಿಕೆ: ಎರೆಹೊಲ, ಕೆನಾಲು, ಬೋರ್‌ವೆಲ್ಲು ಮೂರರಿಂದಲೂ ದೂರವಿರಿ. ಘಟಪ್ರಭೆ 52 ಮೀಟರು ಕೆಳಗೆ ಧುಮುಕುವ ಕಡೆ, ಬಂಡೆಯ ಸೀಳಿನಲ್ಲಿ ಒಂದು ಬೀಜ ಬಿದ್ದರೆ ಆಯಿತು. ಬೀಜಕ್ಕೆ ರೇಷ್ಮೆಯಂಥ ಜುಟ್ಟಿರುವುದರಿಂದ ಗಾಳಿಯೇ ತಂದು ಹಾಕುತ್ತದೆ, ಬಾಡಿಗೆ ಇಲ್ಲ. ನೀರಿನ ಸದ್ದು ಕೇಳುತ್ತಿರಬೇಕು, ನೀರು ಸಿಗಬಾರದು. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಲ್ಲಿ 51 ಟಿಎಂಸಿ ತುಂಬಿದ ಸುದ್ದಿ ಗಿಡಕ್ಕೆ ತಿಳಿಸುವ ಅಗತ್ಯವಿಲ್ಲ.

ಇಂಧನ: ನಾವು ಎಡವುವುದು ಇಲ್ಲೇ. ಬರ ಎಂದರೆ ನೀರಿನ ಲೆಕ್ಕ ಮಾತ್ರ ಎಂದುಕೊಂಡಿದ್ದೇವೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮರುದಿನ ತಳದಲ್ಲಿ ನೀರು ನಿಂತಿರುತ್ತದಲ್ಲ, ಉಪ್ಪಿದ್ದ ಕಡೆಗೆ ನೀರು ಹರಿದದ್ದು ಅದು. ಗಿಡ ಅದೇ ಆಟವನ್ನು ತಿರುವಿ ಆಡುತ್ತದೆ. ಒಣಮಣ್ಣು ಹಿಡಿದಿಟ್ಟ ತೇವವನ್ನು ಎಳೆಯಬೇಕಾದರೆ ಬೇರಿನ ಒಳಗೆ ಹೊರಗಿಗಿಂತ ಹೆಚ್ಚು ಲವಣ ಕರಗಿರಬೇಕು. ಆ ಕೆಲಸದ ದೊಡ್ಡ ಪಾಲು ಪೊಟ್ಯಾಷಿಯಮ್ಮಿನದು.

ಬಾಗಿಲು: ಎಲೆಯ ಪ್ರತಿ ರಂಧ್ರಕ್ಕೂ ಇಬ್ಬರು ಕಾವಲುಗಾರರು. ಪೊಟ್ಯಾಷಿಯಂ ಒಳಗೆ ಹೋದರೆ ಅವರು ಉಬ್ಬಿ ಬಾಗಿಲು ತೆರೆಯುತ್ತಾರೆ, ಹೊರಗೆ ಬಂದರೆ ಸೊರಗಿ ಮುಚ್ಚುತ್ತಾರೆ. ಪೊಟ್ಯಾಷಿಯಂ ಸಾಲದಾದಾಗ ಬಾಗಿಲು ನೆಟ್ಟಗೆ ತೆರೆಯುವುದೂ ಇಲ್ಲ, ಹೊತ್ತಿಗೆ ಸರಿಯಾಗಿ ಮುಚ್ಚುವುದೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಇಂಥ ಬಾಗಿಲು ಎಷ್ಟು ದುಬಾರಿ ಎಂದು ಬೇರೆ ಹೇಳಬೇಕೆ?

ಬದಲಿ ಇಂಧನ: ಪೊಟ್ಯಾಷಿಯಂ ಸಿಗದಿದ್ದರೆ ಕೆಲವು ಮಾದರಿಗಳು ಅಡುಗೆ ಉಪ್ಪಿನ ಸೋಡಿಯಮ್ಮಿನಲ್ಲೂ ಓಡುತ್ತವೆ. ಚೀನಾದ ವಾಯವ್ಯ ಮರುಭೂಮಿಯಲ್ಲಿ ಜೈಗೋಫಿಲಮ್ ಎಂಬ ಪೊದೆಯಿದೆ, ನಮ್ಮ ಕಾಲಿಗೆ ಚುಚ್ಚುವ ನೆಗ್ಗಿಲಮುಳ್ಳಿನ ಕುಟುಂಬದ್ದೇ. ಲೀಟರು ನೀರಿಗೆ ಸುಮಾರು 3 ಗ್ರಾಂ ಉಪ್ಪು ಬೆರೆಸಿ ಕೊಟ್ಟರೆ ಅದು ಬರವನ್ನು ಇನ್ನೂ ಚೆನ್ನಾಗಿ ತಾಳಿಕೊಂಡದ್ದನ್ನು ಅಲ್ಲಿನ ವಿಜ್ಞಾನಿಗಳು ಕುಂಡಗಳಲ್ಲಿ ಕಂಡಿದ್ದಾರೆ. ಉಪ್ಪನ್ನು ಅದು ಎಲ್ಲೆಂದರಲ್ಲಿ ಚೆಲ್ಲಿಕೊಳ್ಳುವುದಿಲ್ಲ. ಹಿಂದೆ ನಮ್ಮ ಹಿರಿಯರು ಜೋಳವನ್ನು ಹಗೇವಿಗೆ ಇಳಿಸುತ್ತಿದ್ದಂತೆ ಪ್ರತಿ ಕೋಶದ ನಡುವಿನ ಚೀಲಕ್ಕೆ ಇಳಿಸಿ ಬಾಯಿ ಮುಚ್ಚುತ್ತದೆ.

ಎಚ್ಚರಿಕೆ: ಇದನ್ನು ಓದಿ ಯಾರೂ ಹೊಲಕ್ಕೆ ಉಪ್ಪು ಎರಚತಕ್ಕದ್ದಲ್ಲ. ಕಬ್ಬಿಗೆ ಹಗೇವು ತೋಡಲು ಬರುವುದಿಲ್ಲ. ಮೂಡಲಗಿ ಕಡೆ ಕೆನಾಲು ನೀರು ಕಟ್ಟಿ ಕಟ್ಟಿ ಸವಳಾದ ಎರೆಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೋಷ ನಿವಾರಣೆ (ಎಕ್ಕಿಯದಲ್ಲ, ನಮ್ಮ ಕಬ್ಬಿನದು): ಕಬ್ಬಿನ ಹಳೆಯ ಎಲೆಗಳ ತುದಿ, ಅಂಚು ಸುಟ್ಟಂತೆ ಕಂಡರೆ ಒಂದು ಎಲೆ ಕಿತ್ತು ನಡುನರವನ್ನು ಮೇಲ್ಮೈ ಕಡೆಯಿಂದ ನೋಡಿ. ಅಲ್ಲಿ ಕೆಂಪು ಬಣ್ಣ ಕಟ್ಟಿದ್ದರೆ ಪೊಟ್ಯಾಷ್ ಸಾಲದೆಂದು ಅನುಮಾನಿಸಬಹುದು. ಹೊಸ ಎಲೆಗೆ ಕೊಡಲು ಗಿಡ ಹಳೆಯದರಿಂದ ಕಿತ್ತುಕೊಂಡಿದೆ. ಕಳೆದ ಬೇಸಿಗೆಯಲ್ಲಿ ಇಂಥ ಎಲೆ ಹಿಡಿದು ಬದುವಿನ ಮೇಲೆ ನಿಂತಿದ್ದೆ. ಪಕ್ಕದ ಹೊಲದ ಹುಡುಗ ಬಂದು, "ಕಾಕಾ, ನೀರ ಸಾಲವಲ್ದು, ಮೋಟರ ಚಾಲೂ ಮಾಡ್ರಿ" ಅಂದ. ಮಾಡಿದೆ. ಮರುವಾರ ಯೂರಿಯಾವನ್ನೂ ಹಾಕಿದೆ, 45 ಕಿಲೋ ಚೀಲ, ಅಗ್ಗ. ಕಬ್ಬು ಹೊಲದಿಂದ ಸಾರಜನಕಕ್ಕಿಂತ ಹೆಚ್ಚು ಪೊಟ್ಯಾಷ್ ಹೊತ್ತೊಯ್ಯುತ್ತದೆ ಎಂದು ಗೊತ್ತಿದ್ದೂ ಹಾಕಿದೆ. ಮಣ್ಣು ಪರೀಕ್ಷೆಗೆಂದು ತುಂಬಿಟ್ಟ ಪೊಟ್ಟಣ ದನದ ಕೊಟ್ಟಿಗೆಯ ಗೂಡಿನಲ್ಲಿ ಇನ್ನೂ ಇದೆ.

ಬಿಡಿಭಾಗಗಳು: ಎಕ್ಕಿ ಎಲೆ ಮುರಿದರೆ ಹಾಲು ಸುರಿಯುತ್ತದೆ, ಕಣ್ಣಿಗೆ ತಾಗಿಸಬೇಡಿ. ಹೊಸ ಎಲೆ ತಾನಾಗಿ ಬರುತ್ತದೆ.

ವಾರಂಟಿ: ಬರಗಾಲಕ್ಕೆ ಉಂಟು. ಹನುಮಪ್ಪನಿಗೆ ಎಕ್ಕಿ ಎಲೆಯ ಮಾಲೆ ಹಾಕುವ ಶನಿವಾರಗಳಿಗೆ ಅನ್ವಯಿಸುವುದಿಲ್ಲ.