ಕಂಡೆನ್ಸರ್ ಕಾಕಾ

ಗದಗ-ಬೆಟಗೇರಿಯಲ್ಲಿ ತಿರುಗುವ ಯಾವ ವಸ್ತುವಿಗೆ ಕಾಯಿಲೆ ಬಂದರೂ ಮೊದಲು ಫೋನು ಹೋಗುವುದು ಕಾಕಾಗೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಜೇಬಿನಲ್ಲೊಂದು ಟೆಸ್ಟರ್, ಸೈಕಲ್ಲಿಗೊಂದು ಚೀಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಇಂಥವರು ಒಬ್ಬೊಬ್ಬರು ಸಿಗುತ್ತಾರೆ, ಹೆಸರಷ್ಟೇ ಬೇರೆ.

ನಾಡಿ ಹಿಡಿಯುವ ಮೊದಲೇ ರೋಗ ಹೇಳುವುದು ಕಾಕಾರ ಹೆಚ್ಚುಗಾರಿಕೆ. ‘ಕಂಡೆನ್ಸರ್ ಹೋಗೇತಿ!’ ನಗುವ ಹಾಗಿಲ್ಲ. ಸೀಲಿಂಗ್ ಫ್ಯಾನು ಮಂದವಾದರೆ ಬಹಳ ಸಲ ತಪ್ಪು ಆ ಎರಡೂವರೆ ಮೈಕ್ರೋಫ್ಯಾರಡ್ ಡಬ್ಬಿಯದೇ. ಅದನ್ನು ಬದಲಿಸಿ, ಫ್ಯಾನು ಬುರ್ರೆಂದಾಗ ಮನೆಯವರ ಮುಖ ನೋಡುವುದೇ ಕಾಕಾರ ನಿಜವಾದ ಮಜೂರಿ.

ಫಜೀತಿ ಆದದ್ದು ಮುದ್ರಣಕಾಶಿ ಅನಿಸಿಕೊಂಡ ಈ ಊರಿನ ಒಂದು ಡಿಟಿಪಿ ಅಂಗಡಿಯಲ್ಲಿ. ಲಗ್ನಪತ್ರಿಕೆಯ ಸೀಜನ್ನು. ಹೊಸ ಫ್ಯಾನು ಹಾಕಿಸಿದ ಕಂಪ್ಯೂಟರ್ ಹಿಟ್ಟಿನ ಗಿರಣಿಯಂತೆ ಒದರುತ್ತಿತ್ತು.

‘ಕಾಕಾ, ಸ್ಪೀಡ್ ಕಡಿಮಿನ ಆಗವಲ್ದು ನೋಡ್ರಿ.’

ಕಾಕಾ ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದರು. ಪಂಚಾಕ್ಷರ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರು; ಇಲ್ಲಿ ಕಿವಿಗೇನೂ ಬರವಿಲ್ಲ. ಆದರೆ ನಾಲ್ಕು ತಂತಿಯ ಕಂಪ್ಯೂಟರ್ ಫ್ಯಾನುಗಳ ವೇಗದ ಆಜ್ಞೆ ಕಿವಿಗೆ ಸಿಗುವಂಥದ್ದಲ್ಲ. ನಾಲ್ಕು ತಂತಿಗಳಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ಸುತ್ತಿಗೆ ಎರಡರಂತೆ ಮಿಡಿತ ಕಳಿಸಿ ಲೆಕ್ಕ ಒಪ್ಪಿಸುವಂಥದ್ದು. ನಾಲ್ಕನೆಯದರಲ್ಲಿ ಬರುವುದೇ ಪಿಡಬ್ಲ್ಯುಎಂ ಸಂಕೇತ: ಸೆಕೆಂಡಿಗೆ ಸುಮಾರು 25,000 ಸಲ ಹಚ್ಚು-ಆರಿಸು. ಹಚ್ಚಿದ ಹೊತ್ತು ಜಾಸ್ತಿಯಾದರೆ ವೇಗ ಜಾಸ್ತಿ, ಕಮ್ಮಿಯಾದರೆ ಕಮ್ಮಿ. ಮನುಷ್ಯನ ಕಿವಿಯ ಓಟ 20,000ಕ್ಕೇ ಮುಗಿಯುವುದರಿಂದ ಅದರ ಮೇಲಿನ ಅಂಕಿಯನ್ನೇ ಆರಿಸಿದ್ದಾರೆ, ಗುಂಯ್‌ಗುಡುವುದು ಕೇಳದಿರಲಿ ಎಂದು. ಕಾಕಾರಂಥವರಿಗೆ ಮಾಡಿದ ಮೋಸವೇ ಸೈ.

‘ಕಂಡೆನ್ಸರ್ ಜೋರ್ ಆಗೇತಿ,’ ಎಂದರು ಕಾಕಾ. ವೈದ್ಯಶಾಸ್ತ್ರದಲ್ಲೇ ಇಲ್ಲದ ರೋಗ.

ಪ್ರೂಫ್ ತಿದ್ದಿಸಲು ಬಂದಿದ್ದ ಡಿಪ್ಲೊಮಾ ಹುಡುಗನೊಬ್ಬ ಇಣುಕಿದ. ‘ಕಾಕಾ, ಇದಕ್ಕ ಮೂರ ತಂತಿ ಅದಾವ್ರಿ. ಹಿಂದಿನ ಫ್ಯಾನಿಗೆ ನಾಲ್ಕು ಇದ್ದುವೇನ್ರಿ?’

‘ಒಂದು ಉಳಿತಲ್ಲೋ ತಮ್ಮಾ, ಖರ್ಚು ಕಮ್ಮಿ!’

ಮದರ್‌ಬೋರ್ಡು ಇಲ್ಲದ ನಾಲ್ಕನೆಯ ತಂತಿಗೆ ಆಜ್ಞೆ ಕೊಡುತ್ತ, ಎರಡನೆಯದರಲ್ಲಿ ಪೂರ್ತಿ 12 ವೋಲ್ಟ್ ಸುರಿಯುತ್ತಿತ್ತು. ನಾಲ್ಕು ತಂತಿಯ ಫ್ಯಾನಾದರೂ ನಾಲ್ಕನೆಯದು ಕಿತ್ತುಬಂದರೆ ಇದೇ ಗತಿ. ಆಜ್ಞೆ ಬರದಿದ್ದರೆ ಅದು ನಿಲ್ಲುವುದಿಲ್ಲ, ಮೈಮೇಲೆ ಬಂದವರಂತೆ ಪೂರ್ತಿ ವೇಗದಲ್ಲಿ ಓಡುತ್ತದೆ. ಬಿಸಿಯಾದ ಪ್ರೊಸೆಸರ್ ಬೆವರುವುದಕ್ಕಿಂತ ಅದೇ ವಾಸಿ.

ಬೆಟಗೇರಿಯ ಮಗ್ಗದ ಓಣಿಗಳ ಕಥೆ ಬೇರೆ. ಅಲ್ಲಿ ನೂಲಿನ ಜುಂಗು ಹೀಟ್‌ಸಿಂಕಿಗೆ ಹಾಸಿಗೆ ಹಾಸಿರುತ್ತದೆ, ಫ್ಯಾನು ನಿಯತ್ತಿನಿಂದಲೇ ಅರಚುತ್ತಿರುತ್ತದೆ. ಕಾಕಾ ಕಂಡೆನ್ಸರ್ ಹುಡುಕುತ್ತ ಬ್ರಷ್ಷಾಡಿಸುತ್ತಾರೆ, ಫ್ಯಾನು ತಣ್ಣಗಾಗುತ್ತದೆ, ಕೀರ್ತಿ ಕಂಡೆನ್ಸರಿಗೆ ಹೋಗುತ್ತದೆ.

ಇತ್ತ ಡಿಟಿಪಿ ಅಂಗಡಿಯಲ್ಲಿ ಹುಡುಗ ಕಂಪ್ಯೂಟರ್ ಆರಿಸಿ ಹಚ್ಚಿದ, ಡಿಲೀಟ್ ಕೀಲಿ ಒತ್ತಿ ಬಯಾಸ್ ಎಂಬ ಸೆಟ್ಟಿಂಗ್ ಪರದೆ ತೆರೆದ, ಫ್ಯಾನಿನ ಸಾಲಿನಲ್ಲಿ ಪಿಡಬ್ಲ್ಯುಎಂ ಇದ್ದುದನ್ನು ಡಿಸಿ ಮಾಡಿದ. ಬೋರ್ಡು ಈಗ ವೋಲ್ಟೇಜನ್ನೇ ಇಳಿಸತೊಡಗಿತು. ಗಿರಣಿ ಬಂದಾಯಿತು.

ಮಾಲೀಕರು ಚಹಾ ಹೇಳಿದರು, ಮೊದಲ ಕಪ್ಪು ಕಾಕಾಗೇ. ಕಾಕಾ ಹುಡುಗನನ್ನು ಪಕ್ಕಕ್ಕೆ ಕರೆದರು.

‘ತಮ್ಮಾ, ಆ ಬಯಾಸ್ ಎಲ್ಲಿ ಸಿಗತೈತಿ? ಎರಡು ತಂದಿಟ್ಕೋತೀನಿ. ಮುಂಡರಗ್ಯಾಗ ಒಂದು ಬೇಕಾಗೇತಿ.’