ಜಾಯಿಂಟ್ ಕಸ್ಟಡಿ

ಬ್ಯಾಂಕಿನ ತಿಜೋರಿಗೆ ಎರಡು ಬೀಗದಕೈ. ಒಂದು ಕ್ಯಾಶಿಯರ್ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಒಂದೇ ಕೈ ಹಾಕಿ ತಿರುಗಿಸಿದರೆ ಜಪ್ಪಯ್ಯ ಎಂದರೂ ಬಾಗಿಲು ಅಲುಗುವುದಿಲ್ಲ. ಯಾರೂ ಯಾರನ್ನೂ ನಂಬಬಾರದು ಎಂಬ ಘನ ಉದ್ದೇಶದಿಂದ ಮಾಡಿದ ಈ ಏರ್ಪಾಡಿಗೆ ಬ್ಯಾಂಕಿನವರು ಜಾಯಿಂಟ್ ಕಸ್ಟಡಿ ಎನ್ನುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಇಬ್ಬರು ಮನುಷ್ಯರು ಕಿಟಕಿಯಿಲ್ಲದ ಒಂದು ಕೋಣೆಗೆ ಹೋಗಿ, ಅಕ್ಕಪಕ್ಕ ನಿಂತು, ಒಂದೇ ಬಾಗಿಲನ್ನು ತೆರೆಯಬೇಕು ಇಲ್ಲವೇ ಮುಚ್ಚಬೇಕು. ನಿಯಮ ಬರೆದವರಿಗೆ ತಲೆಯಲ್ಲಿದ್ದದ್ದು ಕಳ್ಳತನ ಒಂದೇ. ಆ ಇಬ್ಬರಲ್ಲಿ ಒಬ್ಬರು ಮೂವತ್ತರ ಹತ್ತಿರದ, ಮದುವೆಯಾಗದ ಮ್ಯಾನೇಜರ್ ಮೇಡಂ, ಇನ್ನೊಬ್ಬರು ಅವರಿಗಿಂತ ಮೂರು ವರ್ಷ ಚಿಕ್ಕವರಾದ ಹೊಸ ಕ್ಯಾಶಿಯರ್ ಆಗಿದ್ದರೆ ಏನು ಮಾಡಬೇಕು ಎಂದು ಕೈಪಿಡಿಯಲ್ಲಿ ಎಲ್ಲೂ ಬರೆದಿಲ್ಲ. ಕೈಪಿಡಿ ಪೂರ್ತಿ ಓದಿದ ಏಕೈಕ ವ್ಯಕ್ತಿ ನಮ್ಮ ಮೇಡಂ, ಅವರೂ ಹುಡುಕಿರಬಹುದು.

ಮಲೆನಾಡಿನ ಹೋಬಳಿ ಊರಿನ ಆ ಶಾಖೆಯಲ್ಲಿ ನಾನು ಆಗ ಕೃಷಿ ಸಾಲದ ಅಧಿಕಾರಿ. 1991ರ ಮಳೆಗಾಲ. ಹಿಂದಿನ ವರ್ಷವಷ್ಟೇ ವಿ.ಪಿ. ಸಿಂಗ್ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ರೈತರ ಸಾಲ ಮನ್ನಾ ಮಾಡಿತ್ತಾದ್ದರಿಂದ ನಾನು ವಸೂಲಿಗೆ ಹೋದಲ್ಲೆಲ್ಲ ಜನ ಮಜ್ಜಿಗೆ ಕೊಟ್ಟು, ಮುಂದಿನ ಮನ್ನಾ ಯಾವಾಗ ಎಂದು ಕೇಳುತ್ತಿದ್ದರು. ಅದು ಹಳ್ಳಿಯ ಬಡವರಿಗೆಂದು ಸರ್ಕಾರ ನಡೆಸುತ್ತಿದ್ದ ಐ.ಆರ್.ಡಿ.ಪಿ. ಯೋಜನೆಯ ಸಾಲಗಳ ಕಾಲವೂ ಹೌದು. ಸಾಲದಲ್ಲಿ ಎಮ್ಮೆ, ಎಮ್ಮೆಗೆ ವಿಮೆ, ವಿಮೆಯ ಗುರುತಿಗೆ ಎಮ್ಮೆಯ ಕಿವಿಗೊಂದು ನಂಬರಿನ ಬಿಲ್ಲೆ. ಎಮ್ಮೆ ಸತ್ತರೆ ಬಿಲ್ಲೆ ಒಪ್ಪಿಸದೆ ವಿಮೆ ಹಣ ಬಾರದು. ಬಿಲ್ಲೆ ಕೀಳುವ ಗೋಜಿಗೆ ಹೋಗದೆ ರೈತರು ಕಿವಿಯನ್ನೇ ಕುಯ್ದು ಕೊಡುತ್ತಿದ್ದರು. ಹೀಗಾಗಿ ನನ್ನ ಮೋಟಾರ್ ಸೈಕಲ್ಲಿನ ಡಬ್ಬದಲ್ಲಿ ಸಾಲದ ಅರ್ಜಿಗಳ ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಎಮ್ಮೆ ಕಿವಿಯೂ ಆಗಾಗ ಪ್ರಯಾಣ ಮಾಡುತ್ತಿತ್ತು.

ಅಂಥದ್ದೊಂದು ಕಿವಿಯನ್ನು ನಾನು ಮೇಡಂ ಮೇಜಿನ ಮೇಲೆ ಬಿಚ್ಚಿಟ್ಟಿದ್ದಾಗಲೇ ಹೊಸ ಹುಡುಗ ಬಿ.ಎಸ್.ಆರ್.ಬಿ. ಪರೀಕ್ಷೆ ಪಾಸು ಮಾಡಿ ಸಿಕ್ಕ ನೇಮಕಾತಿ ಪತ್ರ ಹಿಡಿದು ಒಳಗೆ ಬಂದದ್ದು. ಬಯಲುಸೀಮೆಯವರು. ಮಳೆಗೆ ತೊಯ್ದು ತೊಪ್ಪೆಯಾಗಿದ್ದರು. ಮೇಡಂ ತಲೆ ಎತ್ತಲಿಲ್ಲ. "ನಿಮ್ಮ ಕಣ್ಣು ಚೆನ್ನಾಗಿದೆಯಾ? ಇದು ಮೂರೋ ಎಂಟೋ ನೋಡಿ ಹೇಳಿ" ಅಂದರು. ಆತ ಬಗ್ಗಿ, ಮೂಗು ಮುಚ್ಚದೆ, ನೋಡಿ, "ಎಂಟು ಮೇಡಂ. ಮೇಲಿನ ಸೊನ್ನೆ ಸವೆದಿದೆ" ಅಂದರು. ಪಾಲಿಸಿಯಲ್ಲೂ ಎಂಟೇ ಇತ್ತು. ಮೇಡಂ ಆಗ ತಲೆ ಎತ್ತಿದರು. ಪ್ರೇಮಕಥೆಗಳ ಮೊದಲ ಭೇಟಿಯಲ್ಲಿ ಹೂವು, ಕರವಸ್ತ್ರ, ಬಿದ್ದುಹೋದ ಪುಸ್ತಕಗಳೆಲ್ಲ ಇರುತ್ತವೆ; ಎಮ್ಮೆ ಕಿವಿ ಇದ್ದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಆತನನ್ನು ಕ್ಯಾಶ್ ಸೀಟಿಗೆ ಹಾಕಿದರು. ಮಲೆನಾಡಿನ ಮಳೆಗಾಲದಲ್ಲಿ ಆ ಸೀಟು ಯಾರಿಗೂ ಬೇಡ. ಥಂಡಿಗೆ ನೋಟುಗಳು ಒಂದಕ್ಕೊಂದು ಅಂಟಿಕೊಂಡು ತೊಂಬತ್ತೊಂಬತ್ತು ಯಾವುದು, ನೂರು ಯಾವುದು ಎಂದು ಗೊತ್ತಾಗುವುದಿಲ್ಲ. ಆಗೆಲ್ಲ ಕಟ್ಟಿಗೆ ಹೊಡೆಯುತ್ತಿದ್ದ ಪಿನ್ನು ತುಕ್ಕು ಹಿಡಿದು ಬೆರಳು ಗೀರುತ್ತಿತ್ತು. ಕಡಿಮೆ ಬಿದ್ದರೆ ಕ್ಯಾಶಿಯರ್ ಕೈಯಿಂದ ಕಟ್ಟಬೇಕು. ಹೆಚ್ಚು ಬಿದ್ದರೆ ಬ್ಯಾಂಕಿನ ಸಂಡ್ರಿ ಖಾತೆಗೆ ಹೋಗುತ್ತದೆ. ಇಂಥ ನ್ಯಾಯವನ್ನು ಒಪ್ಪಿಕೊಂಡು ಬದುಕುವವನು ಮದುವೆಗೂ ಯೋಗ್ಯ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ನನಗಲ್ಲ, ಯಾರಿಗೂ ಹೊಳೆಯಲಿಲ್ಲ. ಅಷ್ಟು ನಿಧಾನ.

ಸಾಹೇಬರು ಮತ್ತು ಹೊಸ ನೌಕರರ ಪ್ರೇಮವೆಂದರೆ ಸಿನಿಮಾದವರಿಗೆ ಭಾರಿ ಅವಸರ. ಟೈಪಿಸ್ಟ್ ಹುಡುಗಿ ಒಳಗೆ ಬರುವುದು, ಪೆನ್ಸಿಲ್ ಬೀಳುವುದು, ಇಬ್ಬರೂ ಬಗ್ಗುವುದು, ತಲೆಗೆ ತಲೆ ಡಿಕ್ಕಿ, ಮುಂದಿನ ದೃಶ್ಯ ಊಟಿ. ಚರಿತ್ರೆಯಲ್ಲೂ ಅವಸರದವರು ಇಲ್ಲದಿಲ್ಲ. 1866ರಲ್ಲಿ ದಾಸ್ತೊಯೆವ್‌ಸ್ಕಿ ಒಬ್ಬ ಖದೀಮ ಪ್ರಕಾಶಕನ ಕರಾರಿಗೆ ಸಿಕ್ಕಿಬಿದ್ದಿದ್ದ. ನವೆಂಬರ್ ಒಂದರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವನು ಬರೆದದ್ದನ್ನೆಲ್ಲ ಪ್ರಕಾಶಕ ಬಿಟ್ಟಿಯಾಗಿ ಅಚ್ಚು ಹಾಕಬಹುದು. ಅಕ್ಟೋಬರ್ ಬಂದರೂ ಒಂದು ಸಾಲೂ ಬರೆದಿಲ್ಲ. ಆಗ ಶೀಘ್ರಲಿಪಿ ಕಲಿತ ಇಪ್ಪತ್ತರ ಹುಡುಗಿ ಆನಾ ಕೆಲಸಕ್ಕೆ ಬಂದಳು. ಅವನು ಹೇಳಿದ, ಇವಳು ಬರೆದಳು. 26 ದಿನಗಳಲ್ಲಿ 'ಜೂಜುಕೋರ' ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ. ಪೊಲೀಸ್ ಠಾಣೆಯಲ್ಲಿ ಹಸ್ತಪ್ರತಿ ಒಪ್ಪಿಸಿ ರಸೀದಿ ಪಡೆಯಬೇಕಾಯಿತು. ಕೆಲವೇ ದಿನಕ್ಕೆ, ಹೊಸ ಕಾದಂಬರಿಯ ಕಥೆ ಹೇಳುತ್ತೇನೆಂದು ನೆಪ ಮಾಡಿ, ವಯಸ್ಸಾದ ಕಲಾವಿದನೊಬ್ಬನನ್ನು ಚಿಕ್ಕ ಹುಡುಗಿ ಮದುವೆಯಾಗುವುದು ಸಾಧ್ಯವೇ ಎಂದು ಆನಾಳನ್ನೇ ಕೇಳಿದ. ಫೆಬ್ರವರಿಯಲ್ಲಿ ಮದುವೆ. ಒಳ್ಳೆಯ ಕಥೆ, ಒಳ್ಳೆಯ ದಾಂಪತ್ಯ, ಆದರೆ ನಮ್ಮ ಮೇಡಂ ಈ ಫೈಲನ್ನು "ಅವಸರದ ಮಂಜೂರಾತಿ" ಎಂದು ಷರಾ ಬರೆದು ವಾಪಸು ಕಳಿಸುತ್ತಿದ್ದರು.

ಮೇಡಂಗೆ ಹಿಡಿಸಬಹುದಾದವನು ಟಿ.ಎಸ್. ಎಲಿಯಟ್. ಅವನೂ ಬ್ಯಾಂಕಿನವನೇ. 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆಮೇಲೆ ಪ್ರಕಾಶನ ಸಂಸ್ಥೆಗೆ ಹೋದ. ಅಲ್ಲಿ ಅವನ ಕಾರ್ಯದರ್ಶಿಯಾಗಿ ಸೇರಿದ ವ್ಯಾಲರಿ ಫ್ಲೆಚರ್ ಸುಮಾರು ಏಳು ವರ್ಷ ಅವನ ಪತ್ರ ಟೈಪು ಮಾಡಿದಳು. 1957ರ ಜನವರಿ 10ರಂದು, ಲಂಡನ್ನಿನ ಚಳಿಯಲ್ಲಿ, ಬೆಳಗಿನ ಆರೂಕಾಲಕ್ಕೆ, ಯಾರಿಗೂ ಹೇಳದೆ ಮದುವೆ. ಅವನಿಗೆ 68, ಅವಳಿಗೆ 30. ವಯಸ್ಸಿನ ವಿಷಯ ಬಿಡಿ. ಬ್ಯಾಂಕಿನಲ್ಲಿ ಎಂಟು ವರ್ಷ ಕಳೆದವನಿಗೆ ತಡ ಮಾಡುವ ವಿದ್ಯೆ ಹೇಗೆ ಮೈಗೂಡುತ್ತದೆ ನೋಡಿ.

ನಮ್ಮ ಶಾಖೆಯ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ಕ್ಯಾಶ್ 27 ರೂಪಾಯಿ ಕಡಿಮೆ ಬಂತು. ಕ್ಯಾಶಿಯರ್ ಕಿಸೆಗೆ ಕೈ ಹಾಕಿದರು. ಮೇಡಂ ತಡೆದರು. "ಇಪ್ಪತ್ತೇಳು ಒಂಬತ್ತರಿಂದ ಭಾಗ ಹೋಗುತ್ತೆ. ಎಲ್ಲೋ ಅಂಕಿ ಹಿಂದುಮುಂದು ಬರೆದಿದ್ದೀರಿ." ಇದು ಹಳೆಯ ಬ್ಯಾಂಕಿನವರ ಗುಟ್ಟು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಇಬ್ಬರೂ ಕೂತು ದಿನದ ಚಲನ್‌ಗಳನ್ನೆಲ್ಲ ಒಂದೊಂದಾಗಿ ತಿರುವಿದರು. ಹೊರಗೆ ಧೋ ಎಂದು ಮಳೆ, ಕರೆಂಟು ಹೋಗಿ ಗ್ಯಾಸ್ ಲೈಟು. ಕಡೆಗೆ ಸಿಕ್ಕಿತು: 58 ರೂಪಾಯಿ ತೆಗೆದುಕೊಂಡು 85 ಎಂದು ಬರೆದಿದ್ದ ಒಂದು ಚಲನ್. ಅದೇ ಮುಂದಿನ ವರ್ಷ ಹರ್ಷದ್ ಮೆಹ್ತಾ ಹಗರಣ ಹೊರಬಿದ್ದು, ಬೊಂಬಾಯಿಯಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಒಂದು ಚೀಟಿ ನಂಬಿ ಕೋಟಿಗಟ್ಟಲೆ ಕೊಟ್ಟಿದ್ದವು ಎಂದು ಪೇಪರಿನಲ್ಲಿ ಓದಿದಾಗ ನನಗೆ ಗ್ಯಾಸ್ ಲೈಟಿನ ಬೆಳಕಿನಲ್ಲಿ 27 ರೂಪಾಯಿ ಹುಡುಕುತ್ತಿದ್ದ ಆ ಎರಡು ತಲೆಗಳು ನೆನಪಾದವು. ಚಲನ್ ಸಿಕ್ಕ ಆ ಕ್ಷಣದಲ್ಲಿ ಕ್ಯಾಶಿಯರ್ ಏನಾದರೂ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಿದ್ದು, "ಥ್ಯಾಂಕ್ಸ್ ಮೇಡಂ." ಮೇಡಂ ಹೇಳಿದ್ದು, "ಇನ್ನು ಮೇಲೆ ಅಂಕಿ ಬಿಡಿಬಿಡಿಯಾಗಿ ಬರೀರಿ."

ಆಮೇಲೆ ಅಂಕಿ ತಪ್ಪಿದರೂ ಸರಿಯಿದ್ದರೂ ಸಂಜೆ ಬಾಗಿಲು ಮುಚ್ಚುವುದು ತುಸು ತಡವಾಗತೊಡಗಿತು. ಮೊದಲು ಪತ್ತೆ ಹಚ್ಚಿದ್ದು ಅಟೆಂಡರ್. ಬ್ಯಾಂಕಿನಲ್ಲಿ ಎಲ್ಲವೂ ಮೊದಲು ಗೊತ್ತಾಗುವುದು ಅಟೆಂಡರಿಗೆ; ಪ್ರಧಾನ ಕಚೇರಿಯ ಸುತ್ತೋಲೆ ಆಮೇಲೆ ಬರುತ್ತದೆ. ಅವನ ಸಾಕ್ಷ್ಯ ಟೀ. ಮೇಡಂ ಸಕ್ಕರೆ ಬಿಟ್ಟಿದ್ದಾರೆ, ಕ್ಯಾಶಿಯರ್ ಸಕ್ಕರೆ ಹಾಕಿಕೊಳ್ಳುವುದಿಲ್ಲ ಅನ್ನುವುದಷ್ಟೇ. ಅಟೆಂಡರಿನಿಂದ ವಿಷಯ ಪಿಗ್ಮಿ ಏಜೆಂಟನಿಗೆ ಹೋಯಿತು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಯವರು ಪಿಗ್ಮಿ ಶುರು ಮಾಡಿದ್ದು ಬಡವರು ದಿನಕ್ಕೆರಡಾಣೆ ಉಳಿಸಲಿ ಎಂದು. ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗುವ ಆ ಏರ್ಪಾಡು ಸುದ್ದಿ ಸಾಗಿಸುವುದಕ್ಕೂ ಒದಗಿಬರುತ್ತದೆ ಎಂದು ಅವರು ಯೋಚಿಸಿರಲಾರರು. ವಾರದೊಳಗೆ ಅಡಿಕೆ ಮಂಡಿಯವರು ನನ್ನನ್ನು ತಡೆದು, "ಮೇನೇಜರಮ್ಮ ಮದುವೆ ಊಟ ಹಾಕ್ಸೋದು ಯಾವಾಗ?" ಎಂದು ಕೇಳುವಂತಾಯಿತು. ಗೊತ್ತಿಲ್ಲದವರು ಇಬ್ಬರೇ. ಅವರಿಬ್ಬರೇ.

ಅಥವಾ ಗೊತ್ತಿತ್ತು. ನಾನು ಈಗ ಹಾಗೆ ಅಂದುಕೊಳ್ಳುತ್ತೇನೆ. ಹೊಸ ಗುಮಾಸ್ತರಿಗೆ ಆರು ತಿಂಗಳ ಪ್ರೊಬೇಷನ್. ಅದು ಮುಗಿದಾಗ ಮ್ಯಾನೇಜರ್ ವರದಿ ಬರೆಯಬೇಕು. ಹತ್ತು ಗಂಟೆಗೆ ಮುಂಚೆ ಬಂದದ್ದೇ ಇಲ್ಲದ, ಹಿಂದಿನ ಕ್ಯಾಶಿಯರಿನ ಬಗ್ಗೆ ಮೇಡಂ "ಉತ್ತಮ" ಎಂದು ಬರೆದಿದ್ದರು. ಒಂದು ದಿನವೂ ತಡ ಮಾಡದ, ನೋಟಿನ ಕಟ್ಟು ನೋಡಿಯೇ ಒಂದು ಕಡಿಮೆಯಿದೆ ಎನ್ನುತ್ತಿದ್ದ ಈ ಮನುಷ್ಯನ ಬಗ್ಗೆ ಬರೆದದ್ದು "ತೃಪ್ತಿಕರ". ಅಷ್ಟೇ. ನಾನು ಆ ಹಾಳೆ ನೋಡಿದೆ, ಆಗ ನನಗೆ ಸಂಶಯ ಉಳಿಯಲಿಲ್ಲ.

ಸಿ.ಎ.ಐ.ಐ.ಬಿ. ನೋಟ್ಸಿನ ಪ್ರಸಂಗವೂ ಹಾಗೇ. ಆ ಪರೀಕ್ಷೆ ಪಾಸಾದರೆ ಇನ್‌ಕ್ರಿಮೆಂಟ್. ಮೇಡಂ ತಮ್ಮ ಹಳೆಯ ನೋಟ್ಸು ಕ್ಯಾಶಿಯರಿಗೆ ಕೊಡಬೇಕೆಂದುಕೊಂಡರು. ಒಬ್ಬರಿಗೇ ಕೊಟ್ಟರೆ ಮಾತು ಬರುತ್ತದೆ. ಅದಕ್ಕೆ ಜಿಲ್ಲಾ ಕೇಂದ್ರದಿಂದ ಜೆರಾಕ್ಸ್ ತರಿಸಿ, ತಮ್ಮ ದುಡ್ಡಿನಲ್ಲಿ, ಶಾಖೆಯ ಎಲ್ಲರಿಗೂ ಒಂದೊಂದು ಕಟ್ಟು ಹಂಚಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಡ್ ಕ್ಲರ್ಕಿಗೂ. ಅವರು ಅದನ್ನು ಅಡಿಕೆ ಸುಲಿಯುವಾಗ ಕೆಳಗೆ ಹಾಸಿಕೊಂಡರು. ಪರೀಕ್ಷೆಗೆ ಕಟ್ಟಿದವರು, ಪಾಸಾದವರು ಒಬ್ಬರೇ.

ಈ ನಿಧಾನವನ್ನು ಆಗ ನಾವು ಸಂಕೋಚ ಎಂದು ತಿಳಿದಿದ್ದೆವು. ಮೇಡಂಗೆ ಸಂಕೋಚ! ಸಾಲ ಕಟ್ಟದ ಪಂಚಾಯಿತಿ ಮೆಂಬರಿನ ಮನೆ ಜಗಲಿಯಲ್ಲಿ ಕೂತು, ಕಟ್ಟುವವರೆಗೆ ಏಳುವುದಿಲ್ಲ ಎಂದವರು ಅವರು. ತಡೆಯುತ್ತಿದ್ದದ್ದು ಕುರ್ಚಿ. ಒಬ್ಬರ ರಜೆ ಮಂಜೂರು ಮಾಡುವವರು, ವರದಿ ಬರೆಯುವವರು, ಬೇಕೆಂದರೆ ಮೆಮೊ ಕೊಡುವವರು ಎದುರು ಕೂತು "ನಾನು ನಿಮಗೆ ಇಷ್ಟವೇ" ಎಂದು ಕೇಳಿದರೆ, ಕೆಳಗಿನವರು ಏನೆಂದಾರು? ಹೌದು ಎಂದರೂ ಅದು ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ಹೊಟ್ಟೆಪಾಡಿನದು ಎಂದು ಬಿಡಿಸುವ ಲೆಕ್ಕ ಯಾವ ಬ್ಯಾಂಕಿನಲ್ಲೂ ಇಲ್ಲ. ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದದ್ದು 1997ರಲ್ಲಿ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಕಾಯ್ದೆ ಆದದ್ದು 2013ರಲ್ಲಿ. ನಮ್ಮಲ್ಲಿ ಸಾಹೇಬರು ಹೆಂಗಸು, ನೌಕರ ಗಂಡಸು. ಯಾವ ಕಾಯ್ದೆಯೂ ಕೇಳುತ್ತಿರಲಿಲ್ಲ. ಮೇಡಂ ತಮಗೆ ತಾವೇ ಒಂದು ಸುತ್ತೋಲೆ ಹೊರಡಿಸಿಕೊಂಡು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಕ್ಯಾಶಿಯರ್ ಕಡೆಯಿಂದಲೂ ಮಾತು ಹೊರಡುವಂತಿರಲಿಲ್ಲ. ಹೊರಟಿದ್ದರೆ ಊರು, "ಹುಡುಗ ಪ್ರಮೋಷನ್ನಿಗೆ ಅಡ್ಡದಾರಿ ಹಿಡಿದ" ಎನ್ನುತ್ತಿತ್ತು.

ವರ್ಗಾವಣೆ ಎಂದರೆ ಬ್ಯಾಂಕಿನವರಿಗೆ ಮಕ್ಕಳ ಶಾಲೆ, ಅಡ್ವಾನ್ಸ್ ಬಾಡಿಗೆ, ಲಾರಿಯಲ್ಲಿ ಮುರಿಯುವ ಮಂಚದ ಕಾಲು. 1993ರ ಮೇ ತಿಂಗಳಲ್ಲಿ ಮೇಡಂಗೆ ಹುಬ್ಬಳ್ಳಿಗೆ ಆರ್ಡರ್ ಬಂದಾಗ ಇಡೀ ಶಾಖೆ ಇಬ್ಬರ ಮುಖ ನೋಡಿ ಮರುಗಿತು. ಅಟೆಂಡರ್ ಟೀಗೆ ಸಕ್ಕರೆ ಹಾಕಿಸಿ ತಂದ. ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಭಾಷಣ, ವಂದನಾರ್ಪಣೆ ಕ್ಯಾಶಿಯರದ್ದು. ಮೈಕಿನ ಮುಂದೆ ನಿಂತು, "ಮೇಡಂ ನನಗೆ ಅಂಕಿ ಬಿಡಿಬಿಡಿಯಾಗಿ ಬರೆಯುವುದನ್ನು ಕಲಿಸಿದರು" ಎಂದು ಕೆಳಗಿಳಿದರು. ಮೇಡಂ ಕೀ ರಿಜಿಸ್ಟರಿನಲ್ಲಿ ಸಹಿ ಹಾಕಿ, ತಿಜೋರಿಯ ಬೀಗದಕೈಯನ್ನು ಹೊಸ ಮ್ಯಾನೇಜರಿಗೆ ಒಪ್ಪಿಸಿದರು. ಮುಖದಲ್ಲಿ ಬೇಸರ ಹುಡುಕಿದೆ. ನನಗೆ ಕಂಡದ್ದು ನಿರಾಳ. ನನ್ನ ಕಣ್ಣಿಗೇ ಏನೋ ಆಗಿದೆ ಅಂದುಕೊಂಡೆ.

ಎರಡು ವಾರಕ್ಕೆ ಕ್ಯಾಶಿಯರಿಗೆ ಕಾಗದ ಬಂತು. ಬ್ಯಾಂಕಿನ ಕವರಲ್ಲ; ಅಂಗಡಿಯಿಂದ ಕೊಂಡ ಕವರು, ಸ್ವಂತ ದುಡ್ಡಿನ ಸ್ಟಾಂಪು. "ಆಫೀಸಿಂದಲ್ಲ" ಎಂದು ಅಟೆಂಡರ್ ಜೋರಾಗಿ ಘೋಷಿಸಿಯೇ ಕೊಟ್ಟ. ಕೌಂಟರಿನಲ್ಲಿ ಸಾಲು ನಿಂತಿದ್ದರೂ ಕ್ಯಾಶಿಯರ್ ಅಲ್ಲೇ ಒಡೆದು ಓದಿದರು. ಆ ಸಂಜೆ ಕ್ಯಾಶ್ 500 ರೂಪಾಯಿ ಹೆಚ್ಚು ಬಂತು. ಎರಡು ವರ್ಷದಲ್ಲಿ ಮೊದಲ ಸಲ. ಒಂಬತ್ತರಿಂದ ಭಾಗವೂ ಹೋಗುವುದಿಲ್ಲ. ಮೂರನೇ ದಿನ ಕಿರಾಣಿ ಅಂಗಡಿಯವರು ಬಂದು, ತಮಗೆ ಒಂದು ನೋಟು ಕಡಿಮೆ ಸಿಕ್ಕಿತ್ತೆಂದು ಹೇಳಿ, ಬೈಯದೆ, ನಕ್ಕು, ತೆಗೆದುಕೊಂಡು ಹೋದರು. ಪಿಗ್ಮಿ ಏಜೆಂಟ್ ಅವರ ಅಂಗಡಿಗೂ ಹೋಗುತ್ತಿದ್ದ.

ಮದುವೆ ಆಯಿತು. ನಡುವೆ ಮೇಡಂ ಸೋದರಮಾವ ಹುಡುಗ ಗುಮಾಸ್ತ, ಹುಡುಗಿ ಆಫೀಸರ್ ಎಂದು ಜಾತಕಕ್ಕಿಂತ ಮುಂಚೆ ಸಂಬಳದ ಸ್ಕೇಲು ಕೂಡಿಸಲು ಕೂತದ್ದು, ನೌಕರರ ಯೂನಿಯನ್ನಿನವರು "ನಮ್ಮವನು ಆಡಳಿತ ವರ್ಗಕ್ಕೆ ಹೋದ" ಎಂದು ತಮಾಷೆಗೆ ಠರಾವು ಮಾಡಿದ್ದು ಎಲ್ಲ ಇದೆ. ಹುಬ್ಬಳ್ಳಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಶಾಖೆ. ಆಮೇಲೆ ಮೇಡಂಗೆ ಎಲ್ಲಿಗೆ ವರ್ಗವಾದರೂ ಇವರು ಅಲ್ಲಿಗೆ ಕೋರಿಕೆ ಅರ್ಜಿ ಹಾಕಿದರು. ಕೋರಿಕೆಯ ಮೇಲೆ ಹೋದ ಗುಮಾಸ್ತರಿಗೆ ನಮ್ಮಲ್ಲಿ ಸೀನಿಯಾರಿಟಿ ಹೋಗುತ್ತಿತ್ತು. ಹಾಗಾಗಿ ಈ ಮನುಷ್ಯ ಸರ್ವಿಸ್ ಪೂರ್ತಿ ಪ್ರತಿ ಊರಿನಲ್ಲೂ ಎಲ್ಲರಿಗಿಂತ ಕಿರಿಯನಾಗಿಯೇ ಸೇರಿ, ಪ್ರಮೋಷನ್ ಬೇಡವೆಂದು ಬರೆದುಕೊಟ್ಟು, ಕ್ಯಾಶ್ ಸೀಟಿನಲ್ಲೇ ನಿವೃತ್ತರಾದರು.

ಈಚೆಗೆ ಮೈಸೂರಿನ ಅವರ ಮನೆಗೆ ಹೋಗಿದ್ದೆ. ಕಾಫಿ ಮಾಡುತ್ತಿದ್ದವರು ಕ್ಯಾಶಿಯರ್. ಧೈರ್ಯ ಮಾಡಿ ಕೇಳಿದೆ, ಆ ಕಾಗದದಲ್ಲಿ ಏನಿತ್ತು, ಯಾರು ಮೊದಲು ಕೇಳಿದ್ದು ಎಂದು. ಒಳಗಿಂದ, "ಮೇಡಂನೇ ಕೇಳಿ" ಎಂದು ಉತ್ತರ ಬಂತು. ಮನೆಯಲ್ಲೂ ಮೇಡಮ್ಮೇ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಅರ್ಜಿ ಮೊದಲ ದಿನವೇ ಬಂದಿತ್ತು. ಮಂಜೂರು ಮಾಡೋ ಅಧಿಕಾರ ಆಗ ನನಗಿರಲಿಲ್ಲ, ಪೆಂಡಿಂಗ್ ಇಟ್ಟಿದ್ದೆ. ಚಾರ್ಜು ಕೊಟ್ಟ ಮೇಲೆ ವಿಲೇವಾರಿ ಮಾಡಿದೆ."

"ಅರ್ಜಿ ಎಲ್ಲಿ ಕೊಟ್ಟಿದ್ದೆ ನಾನು?" ಎಂದರು ಕ್ಯಾಶಿಯರ್, ಲೋಟ ಹಿಡಿದು ಬರುತ್ತಾ.

"ಎಂಟು ಅಂದ್ರಲ್ಲ."